ಅತ್ತೆ ಬದುಕಿಸಿದ ಮೆಕ್ಯಾನಿಕ್

ಬಸ್ಸು ಓಡಿಸುತ್ತಿದ್ದಾಗಲೇ ಡ್ರೈವರನ ಬಲಗಣ್ಣಿಗೆ ಕಪ್ಪು ಪರದೆ ಇಳಿದಂತಾಯಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಪ್ರಯಾಣಿಕರನ್ನು ಹಿಂದಿನ ಬಸ್ಸಿಗೆ ಹತ್ತಿಸಿ, ಕಂಡಕ್ಟರನ ಕೈ ಹಿಡಿದು ಆಸ್ಪತ್ರೆಗೆ ಹೋದ. ಕಣ್ಣಿನ ಒಳಪದರ ಕಿತ್ತು ಬಂದಿದೆ ಎಂದರು ಡಾಕ್ಟರು. ಮರುದಿನವೇ ಆಪರೇಷನ್ ಮಾಡಿ, ಪದರ ಮತ್ತೆ ಅಂಟಿಕೊಳ್ಳಲೆಂದು ಕಣ್ಣೊಳಗೆ ಗಾಳಿಗುಳ್ಳೆಯೊಂದನ್ನು ತುಂಬಿದರು.

"ಇನ್ನು ಕೆಲವು ವಾರ ಮುಖ ಕೆಳಗೇ ಇರಬೇಕು. ಮಲಗಿದ್ರೆ ಬೋರಲು, ಕೂತ್ರೆ ತಲೆ ತಗ್ಗಿಸಿ. ಓದೋದು, ಟಿವಿ, ಮೊಬೈಲು ಯಾವುದೂ ಬೇಡ. ಒಂದು ಕಣ್ಣು ಓಡಾಡಿದ್ರೆ ಇನ್ನೊಂದೂ ಅದರ ಹಿಂದೇನೇ ಓಡುತ್ತೆ."

ಹೆಂಡತಿ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವವಳು, ರಜೆ ಸಿಗಲಿಲ್ಲ. ಹಾಗಾಗಿ ಆರೈಕೆಗೆ ಅವಳ ತಾಯಿ ಬಂದರು.

ಅತ್ತೆ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಅತ್ತೆ ಅಳಿಯನ ನಡುವೆ ಜಗಳವೇನೂ ಇರಲಿಲ್ಲ, ಆದರೆ ಮಾತೂ ಇರಲಿಲ್ಲ. "ಚೆನ್ನಾಗಿದೀರಾ?" "ಚೆನ್ನಾಗಿದೀನಿ ಅತ್ತೆ." ಅಲ್ಲಿಗೆ ಲೈನ್ ಕಟ್. ಅಳಿಯನಿಗೆ ಅಂತರಿಕ್ಷದ ಸಿನಿಮಾ ಹುಚ್ಚು ಎಂದು ಕೇಳಿದಾಗ, "ನೆಲದ ಮೇಲೆ ಬಸ್ಸು ಓಡಿಸೋರಿಗೆ ಆಕಾಶದಲ್ಲೇನು ಕೆಲಸ?" ಎಂದಿದ್ದರಂತೆ.

ಆ ಹುಚ್ಚಿನ ಹೆಸರು 'ಕಪ್ಪು ಬಂದರು'. ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸುವ ಹಳೇ ಹಡಗೊಂದರ ಕಥೆ. ಮೊದಲ ಮೂರು ಸಿನಿಮಾಗಳನ್ನು ಅವನು ಡಿಪೋದ ಗೆಳೆಯರೊಂದಿಗೆ ನೋಡಿದ್ದ. ನಾಲ್ಕನೆಯದು ಬಿಡುಗಡೆಯಾದಾಗ ಬೋರಲು ಬಿದ್ದಿದ್ದ. ಆ ಸಿನಿಮಾಗಳನ್ನು ಆಧರಿಸಿ ಯಾರೋ ಬರೆದಿದ್ದ ನಾಲ್ಕೂ ಕಾದಂಬರಿಗಳನ್ನು ಹೆಂಡತಿ ಪಾಪ ಎನಿಸಿ ಹುಡುಕಿ ತಂದಳು. ಮೇಜಿನ ಮೇಲಿಟ್ಟ ಮೇಲಷ್ಟೇ ಗಂಡ ಓದುವಂತಿಲ್ಲ ಎಂಬುದು ನೆನಪಾಗಿ ನಾಲಗೆ ಕಚ್ಚಿಕೊಂಡಳು.

"ಕೊಡು ಇಲ್ಲಿ," ಎಂದರು ಅತ್ತೆ. "ನನ್ನ ಗಂಟಲಿಗೇನೂ ಆಪರೇಷನ್ ಆಗಿಲ್ವಲ್ಲ."

ಹೀಗೆ ಓದು ಶುರುವಾಯಿತು. ಮಂಚದ ಅಂಚಿನಲ್ಲಿ ಸುರುಳಿ ಸುತ್ತಿದ ಟವೆಲ್ಲಿಗೆ ಹಣೆಯಿಟ್ಟು ಅವನು ಮಲಗುತ್ತಿದ್ದ. ಎಡಗಣ್ಣಿಗೆ ಕಾಣುತ್ತಿದ್ದುದು ನೆಲದ ಟೈಲ್ಸು ಮತ್ತು ಅತ್ತೆಯ ಪಾದಗಳು ಮಾತ್ರ. ಹೊಡೆದಾಟ ಬಂದರೆ ಆ ಪಾದದ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ದನಿಯಂತೂ ಅಕ್ಷರ ಅಕ್ಷರವೂ ಸ್ಪಷ್ಟ. ಬಾಯಲ್ಲಿ ಹೊರಳದ ಹೆಸರುಗಳನ್ನು ಅವರೇ ತಿದ್ದಿಬಿಟ್ಟರು: "ಇವನು ಗಡ್ಡದವನು, ಇವಳು ಕ್ಯಾಪ್ಟನ್ನು. ಸಾಕಲ್ವಾ?"

ಅವರ ಮನಸ್ಸು ಗೆದ್ದವನು ಹಡಗಿನ ಮುದುಕ ಮೆಕ್ಯಾನಿಕ್. ಸಿನಿಮಾದಲ್ಲಿ ಅವನು ಬರುವುದೇ ಸ್ವಲ್ಪ ಹೊತ್ತು. ಕಾದಂಬರಿಯಲ್ಲಿ ಅವನ ಬಾಲ್ಯವಿತ್ತು, ಮುನಿಸಿಕೊಂಡ ತಂಗಿಯಿದ್ದಳು, ಎಂಜಿನ್ನಿನ ಜೊತೆ ಆಡುವ ಮಾತಿತ್ತು. ತನಗೆ ಗೊತ್ತು ಎಂದುಕೊಂಡಿದ್ದ ಕಥೆಗೆ ಇಷ್ಟೊಂದು ಕೋಣೆಗಳಿವೆಯೆಂದು ಡ್ರೈವರ್ ಬೆರಗಾದ.

"ಹಡಗಲ್ಲಿ ಕೆಲಸ ಅಂತ ಮಾಡೋನು ಇವನೊಬ್ನೇ," ಎಂದರು ಅತ್ತೆ. "ಮಿಕ್ಕೋರದೆಲ್ಲ ಬರೀ ಭಾಷಣ."

ಮೂರನೇ ಪುಸ್ತಕ ಮುಗಿಯುವ ಹೊತ್ತಿಗೆ ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿದರು. ಪದರದ ಒಂದು ಮೂಲೆ ಸರಿಯಾಗಿ ಕೂತಿಲ್ಲ, ಮೊದಲಿನ ದೃಷ್ಟಿ ಬರುವುದು ಅನುಮಾನ, ಬಸ್ಸಿನ ಆಸೆ ಇಟ್ಟುಕೊಳ್ಳಬೇಡಿ ಎಂದರು. ಮನೆಗೆ ಬಂದವನು ತಟ್ಟೆ ಮುಟ್ಟಲಿಲ್ಲ. ಮಧ್ಯಾಹ್ನ ಅತ್ತೆ ಕುರ್ಚಿ ಎಳೆದುಕೊಂಡು ಪುಸ್ತಕ ತೆರೆದರು.

ಮುಂದೇನೆಂದು ಅವನಿಗೆ ಗೊತ್ತಿತ್ತು. ಕೆಟ್ಟ ಯಂತ್ರ ಸರಿಮಾಡಲು ಮೆಕ್ಯಾನಿಕ್ ಹಡಗಿನ ಹೊರಗೆ ಇಳಿಯುತ್ತಾನೆ. ಸೊಂಟಕ್ಕೆ ಕಟ್ಟಿದ ಹಗ್ಗ ಸಿಕ್ಕಿಹಾಕಿಕೊಂಡು ಹಡಗು ಹೊರಡದಂತಾಗುತ್ತದೆ. ಆಗ ಅವನೇ ಹಗ್ಗ ಕೊಯ್ದುಕೊಂಡು ಕತ್ತಲಲ್ಲಿ ತೇಲಿಹೋಗುತ್ತಾನೆ. ಥಿಯೇಟರಿನಲ್ಲಿ ಕಂಡಕ್ಟರ್ ಬಿಕ್ಕಿ ಬಿಕ್ಕಿ ಅತ್ತಿದ್ದ.

ಹಗ್ಗ ಸಿಕ್ಕಿಕೊಂಡಲ್ಲಿಗೆ ದನಿ ನಿಂತಿತು. ಹಾಳೆ ಮಗುಚಿದ ಸದ್ದು. ಮತ್ತೊಂದು ಹಾಳೆ. ಪಾದಗಳು ಅಲುಗಲಿಲ್ಲ. ಆಮೇಲೆ ಅತ್ತೆ ಓದಿದರು: "ಹಗ್ಗ... ಬಿಗಿಯಾಗಿತ್ತು. ಕ್ಯಾಪ್ಟನ್ನು, ಗಡ್ಡದವನು, ಎಲ್ಲರೂ ಸೇರಿ ಎಳೆದರು. ಮುದುಕ ಎಲ್ಲರನ್ನೂ ಬೈಯುತ್ತಾ... ಒಳಗೆ ಬಂದ."

ಎಂದೂ ತಡವರಿಸದ ದನಿ ಎರಡು ಕಡೆ ತಡವರಿಸಿತ್ತು. ಡ್ರೈವರನಿಗೆ ಎಲ್ಲವೂ ಅರ್ಥವಾಯಿತು. ಎಡಗಣ್ಣಿನಿಂದ ಹನಿಗಳು ನೇರ ಟೈಲ್ಸಿನ ಮೇಲೆ ಬಿದ್ದವು.

"ಏನಾಯ್ತು ಅಳಿಯಂದ್ರೇ?"

"ಏನಿಲ್ಲ ಅತ್ತೆ. ಡ್ರಾಪ್ಸು."

"ಬದುಕಿದ ಬಿಡಿ. ಅಂಥೋರು ಅಷ್ಟು ಸುಲಭಕ್ಕೆ ಸಾಯಲ್ಲ."

ಆ ಸಂಜೆ ಅವನು ಊಟ ಮಾಡಿದ. ಎರಡನೇ ಸಲವೂ ಬಡಿಸಿಕೊಂಡ.

ಅತ್ತೆಯ ಪಾಡು ಶುರುವಾದದ್ದು ನಾಲ್ಕನೇ ಪುಸ್ತಕದಲ್ಲಿ. ಸತ್ತವನು ಅದರಲ್ಲಿ ಎಲ್ಲಿಂದ ಬರಬೇಕು? ಆದರೂ ಪ್ರತಿ ಅಧ್ಯಾಯದಲ್ಲೂ "ಅಷ್ಟರಲ್ಲಿ ಮೆಕ್ಯಾನಿಕ್ ಬಂದ" ಎಂದು ಸೇರಿಸಿದರು. ಗ್ರಹಾಧಿಪತಿಗಳ ಗುಪ್ತ ಸಭೆಗೂ ಅವನು ಫ್ಯಾನ್ ರಿಪೇರಿಗೆಂದು ನುಗ್ಗಿದ. ಒಮ್ಮೆ ಮೈಮರೆತು, "ಹೊಸ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ" ಎಂದು ಪುಸ್ತಕದಲ್ಲಿದ್ದಂತೆಯೇ ಓದಿಬಿಟ್ಟರು.

"ಹೊಸಬನಾ?" ಎಂದ ಅವನು ಮೆತ್ತಗೆ. "ಹಳಬ ಎಲ್ಲಿ ಹೋದ ಅತ್ತೆ?"

"ಹಳಬ... ಹಲ್ಲುನೋವು ಅಂತ ರಜಾ ಹಾಕಿದಾನೆ."

ನಗು ತಡೆಯಲು ಅವನು ಟವೆಲ್ ಕಚ್ಚಿದ. ಮಂಚ ಗಡಗಡ ಅಲುಗಿತು.

ಗುಳ್ಳೆ ಕರಗಿ, ತಲೆಯೆತ್ತಬಹುದು ಎಂದು ಡಾಕ್ಟರು ಒಪ್ಪಿದ ದಿನ ಅವನು ಅತ್ತೆಯ ಮುಖವನ್ನು ಮೊದಲ ಬಾರಿಗೆಂಬಂತೆ ನೋಡಿದ. ಬಲಗಣ್ಣಿಗೆ ಅದು ನೀರಲ್ಲಿ ಕಂಡಂತೆ ಅಲುಗುತ್ತಿತ್ತು. ಸ್ಟಿಯರಿಂಗ್ ಮತ್ತೆ ಸಿಗಲಿಲ್ಲ. ಯಾವ ಬಸ್ಸು ಯಾವಾಗ ಹೊರಡಬೇಕೆಂದು ನೋಡಿಕೊಳ್ಳುವ ಕೆಲಸವನ್ನು ಡಿಪೋದವರು ಕೊಟ್ಟರು. ಅದೂ ದೊಡ್ಡದೇ ಎನಿಸಿತು.

ಅತ್ತೆ ಹೊರಡಲು ಬಟ್ಟೆ ಮಡಚುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ. "ಅತ್ತೆ, ಆ ಮೂರನೇ ಸಿನಿಮಾ ನಾನು ನೋಡಿದ್ದೆ."

ಅತ್ತೆಯ ಕೈ ನಿಂತಿತು. "ಅಯ್ಯೋ ನಿಮ್ಮ! ಮೊದಲೇ ಬಾಯಿ ಬಿಡೋಕೇನಾಗಿತ್ತು? ಅವನಿಗೆ ಕೆಲಸ ಹುಡುಕಿ ಹುಡುಕಿ ನನ್ನ ತಲೆಕೂದಲೆಲ್ಲ ಉದುರಿ ಹೋಯ್ತು!"

"ನೀವು ಓದಿದ್ದೇ ಚೆನ್ನಾಗಿತ್ತು."

ಅತ್ತೆ ನಗಲಿಲ್ಲ. "ಅವತ್ತು ನಿಮ್ಮ ಮುಖ ಕಾಣ್ತಿರಲಿಲ್ಲ, ಬರೀ ಬೆನ್ನು ಕಾಣ್ತಿತ್ತು. ಆ ಬೆನ್ನು ನೋಡ್ಕೊಂಡು ಅದನ್ನ ಓದೋಕೆ ನನ್ನ ಕೈಲಾಗ್ಲಿಲ್ಲ ಕಣಪ್ಪಾ."

ಅಷ್ಟು ವರ್ಷಗಳಲ್ಲಿ ಅವರು ಅವನನ್ನು 'ಕಣಪ್ಪಾ' ಎಂದದ್ದು ಅದೇ ಮೊದಲು. ಅವನು ಒಳಗೆ ಬಂದ. ಮಡಚಿಟ್ಟ ಬಟ್ಟೆಗಳನ್ನು ಚೀಲದಿಂದ ಒಂದೊಂದಾಗಿ ತೆಗೆದು ಮತ್ತೆ ಕಪಾಟಿನೊಳಗೆ ಇಡತೊಡಗಿದ. ಅತ್ತೆ ಬೇಡ ಎನ್ನಲಿಲ್ಲ.