ಅಕ್ಕನ ಬಾಯಿಯ ಒಡಪು

ಪುರವಂತ ಹಾಲಸ್ವಾಮಿ ಕಾವಿ ಉಟ್ಟು, ಕತ್ತಿ ಹಿಡಿದು ನಿಂತನೆಂದರೆ ಹೊಸಪೇಟೆಯಿಂದ ಕಂಪ್ಲಿಯವರೆಗೆ ಯಾವ ಮದುವೆ ಮನೆಯವರಾದರೂ ಕೈ ಮುಗಿಯಬೇಕು. ಅಂಥ ಎತ್ತರ, ಅಂಥ ಮೀಸೆ, ಅಂಥ ದನಿ. ದೇವರು ಎಲ್ಲ ಕೊಟ್ಟು ನೆನಪೊಂದನ್ನು ಕೊಡುವುದು ಮರೆತಿದ್ದ. ಅದನ್ನು ಒಯ್ದು ಅಕ್ಕ ಚೆನ್ನಬಸಮ್ಮನಿಗೆ ಕೊಟ್ಟಿದ್ದ.

ಮದುವೆಗೆ ಮುಂಚೆ ವೀರಭದ್ರನ ಗುಗ್ಗಳ ತೆಗೆಯುವುದು ಆ ದೇವರ ಒಕ್ಕಲಿನವರಲ್ಲಿ ನಡೆದುಬಂದ ಪದ್ಧತಿ. ಮನೆಯವರು ಉರಿಯುವ ಕೊಡ ಹಿಡಿದು ಹೊಳೆಯಿಂದ ಮೆರವಣಿಗೆಯಲ್ಲಿ ಬರುತ್ತಾರೆ; ಪುರವಂತ ದಾರಿಯುದ್ದಕ್ಕೂ ದಕ್ಷಯಜ್ಞದ ಕಥೆಯನ್ನು ಗುಡುಗುತ್ತಾನೆ. ಅದೇ ಒಡಪು. ಸಾಲು ಸಾಲಿಗೂ ಜನ ‘ಖಡೆ ಖಡೆ’ ಎಂದು ಹುರುಪು ತುಂಬುತ್ತಾರೆ. ಶುರು ಮಾಡಿದ ಒಡಪನ್ನು ಅರ್ಧಕ್ಕೆ ಬಿಡುವಂತಿಲ್ಲ, ಮುಗಿಯುವ ತನಕ ಕೊಡ ಇಳಿಸುವಂತಿಲ್ಲ. ಹೆಂಗಸರಂತೂ ಅದನ್ನು ಹೇಳುವಂತೆಯೇ ಇಲ್ಲ.

ಅಪ್ಪ ಪಡಸಾಲೆಯಲ್ಲಿ ಮಗನಿಗೆ ಒಡಪು ಕಲಿಸುವಾಗ ಮಗಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಗ ತಪ್ಪಿದಲ್ಲೆಲ್ಲ ಒಳಗಿನಿಂದ ಸಾಲು ಬರುತ್ತಿತ್ತು. “ಹೆಣ್ಣಿನ ಬಾಯಾಗ ಒಡಪು ಬಂದ್ರ ಮನಿಗೆ ಒಳ್ಳೇದಲ್ಲವ್ವ” ಎಂದು ಅಪ್ಪ ಗದರುತ್ತಿದ್ದ. ಆಮೇಲೆ ದನಿ ತಗ್ಗಿಸಿ, “ಅದರ ಮುಂದಿಂದು ಏನು?” ಎಂದು ಅವಳನ್ನೇ ಕೇಳುತ್ತಿದ್ದ.

ಅಪ್ಪ ಹೋದ ಮೇಲೂ ಅದೇ ಏರ್ಪಾಟು. ಚೆನ್ನಬಸಮ್ಮ ಆರತಿ ತಟ್ಟೆ ಹಿಡಿದು ಹೆಂಗಸರ ಸಾಲಿನ ಮುಂದೆ ನಿಂತು ಸದ್ದಿಲ್ಲದೆ ತುಟಿ ಆಡಿಸುವುದು, ಹಾಲಸ್ವಾಮಿ ಆ ತುಟಿ ನೋಡಿಕೊಂಡು ಗುಡುಗುವುದು. ಒಮ್ಮೆಯಾದರೂ ಆ ಕತ್ತಿ ಹಿಡಿದು ತಾನೇ ಹೇಳಬೇಕೆಂಬುದು ಅವಳ ಬದುಕಿನ ಆಸೆ. ತಮ್ಮನಿಗೆ ಬಾಯಿಬಿಟ್ಟು ಹೇಳಿಯೂ ಇದ್ದಳು. ಅವನು ನಕ್ಕುಬಿಟ್ಟಿದ್ದ.

ಹೋದ ವಾರ ಹೊಸಪೇಟೆಯಲ್ಲಿ ಅವನಿಗೆ ಸನ್ಮಾನವಾಯಿತು. ಮೈಕು ಹಿಡಿದು, “ಎಲ್ಲ ನಮ್ಮಪ್ಪನ ಆಶೀರ್ವಾದ” ಅಂದ. ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ ಅಕ್ಕ ಮನೆಗೆ ಬಂದು ಬಿಸಿ ರೊಟ್ಟಿ ಬಡಿಸಿದಳು, ತಾನು ಮಾತ್ರ ಉಣ್ಣಲಿಲ್ಲ. ಹಾಲಸ್ವಾಮಿಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾಗದವನ ಹಾಗೆ ಉಂಡು ಎದ್ದ.

ಇವತ್ತು ಕಂಪ್ಲಿಯಲ್ಲಿ ರೈಸ್‌ಮಿಲ್ಲಿನ ಮರುಳಸಿದ್ದಪ್ಪನವರ ಮೊಮ್ಮಗನ ಗುಗ್ಗಳ. ಸಮಾಳದ ಬಡಿತಕ್ಕೆ ಬೀದಿಯೇ ಅದುರುತ್ತಿತ್ತು. ಜನ ಮೊಬೈಲು ಎತ್ತಿ ಹಿಡಿದಿದ್ದರು.

“ಕರೆಯದ ತವರಿಗೆ ದಾಕ್ಷಾಯಿಣಿ ಬಂದಳು. ಬಂದ ಮಗಳನ್ನು ಕಂಡು ಅಪ್ಪ...”

ಅಲ್ಲಿಗೆ ನಿಂತಿತು. ಹಾಲಸ್ವಾಮಿ ಅಭ್ಯಾಸದಂತೆ ಅಕ್ಕನ ತುಟಿ ನೋಡಿದ. ಆ ತುಟಿ ಕೆಂಪಾಗಿತ್ತು, ದವಡೆ ಉಬ್ಬಿತ್ತು. ಚೆನ್ನಬಸಮ್ಮ ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಿದ್ದಳು. ಬಾಯಲ್ಲಿ ಎಲೆ ಇಟ್ಟುಕೊಂಡು ಒಡಪು ನುಡಿಯುವಂತಿಲ್ಲ, ಸದ್ದಿಲ್ಲದೆಯೂ ಇಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಸಮಾಳದವರು ಇನ್ನೊಂದು ಸುತ್ತು ಬಾರಿಸಿದರು. ಉರಿಯುವ ಕೊಡ ಹಿಡಿದಿದ್ದ ಮದುಮಗನ ತಾಯಿ ಬಿಸಿ ತಾಳದೆ ಹಿಡಿತ ಬದಲಿಸಿದಳು. ನಾಲ್ಕು ಜನರ ಮುಂದೆ ಮಾನ ಕಳೆದಳಲ್ಲ ಎಂದು ಹಾಲಸ್ವಾಮಿ ಹಲ್ಲು ಕಡಿದು ಅಕ್ಕನ ಕಣ್ಣು ನೋಡಿದ. ಅವಳು ರೆಪ್ಪೆ ಬಡಿಯಲಿಲ್ಲ. ತಾನು ಕಣ್ಣು ಗುಡ್ಡೆ ತಿರುಗಿಸಿ ಜನಕ್ಕೆ ತೋರಿಸುವ ಸಿಟ್ಟು ಅಲ್ಲಿ ನಿಜವಾಗಿಯೇ ಇತ್ತು. ಇಷ್ಟು ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವಳು ಇಷ್ಟು ಕಾಲ ತನಗೆ ಸಾಲು ಎತ್ತಿಕೊಟ್ಟಳೇ ಎಂದು ಅವನಿಗೆ ನಾಚಿಕೆಯಾಯಿತು. ಎಂಥ ಹೆಣ್ಣು ಇವಳು ಎಂದು ಹೆಮ್ಮೆಯೂ ಆಯಿತು.

ಪಕ್ಕದವರ ಕೈಯಿಂದ ಹೊಳೆ ನೀರಿನ ತಂಬಿಗೆ ಇಸಿದುಕೊಂಡು ಅವಳ ಮುಂದೆ ಹೋಗಿ ನಿಂತ.

“ಅಕ್ಕಾ, ಬಾಯಿ ಮುಕ್ಕಳಿಸು.”

“ನನ್ನ ಯಾಕ ಕೇಳ್ತೀ? ಅಪ್ಪನ ಆಶೀರ್ವಾದ ಐತೆಲ್ಲ, ಅವನ್ನ ಕೇಳು.”

“ಅಪ್ಪನೂ ನಿನ್ನೇ ಕೇಳ್ತಿದ್ದ” ಅಂದ ಹಾಲಸ್ವಾಮಿ, ಎಲ್ಲರಿಗೂ ಕೇಳುವಂತೆ.

ಚೆನ್ನಬಸಮ್ಮ ತಟ್ಟೆಯನ್ನು ಪಕ್ಕದವಳ ಕೈಗಿತ್ತು, ಎಲೆ ಉಗುಳಿ, ಬೊಗಸೆ ಒಡ್ಡಿದಳು. ಅವನು ನೀರು ಸುರಿದ.

“ಬಂದ ಮಗಳನ್ನು ಕಂಡು ಅಪ್ಪ ಮೋರೆ ತಿರುವಿದ. ಕೂಡಲು ಮಣೆಯಿಲ್ಲ, ಕುಡಿಯಲು ನೀರಿಲ್ಲ. ಅಗ್ನಿಗೆ ಪಾಲುಂಟು, ವಾಯುವಿಗೆ ಪಾಲುಂಟು, ಹೆತ್ತ ಮಗಳಿಗೆ ಪಾಲಿಲ್ಲವೇ ದಕ್ಷಾ?”

ಸಮಾಳದವರ ಕೈ ತಪ್ಪಿ ಮತ್ತೆ ಹಿಡಿಯಿತು. ‘ಖಡೆ ಖಡೆ’ ಎಂದದ್ದು ಹಾಲಸ್ವಾಮಿ ಒಬ್ಬನೇ. ಇದೇ ಸಾಲುಗಳನ್ನು ಅವನು ಎಷ್ಟೋ ಮದುವೆಗಳಲ್ಲಿ ಹೇಳಿದ್ದ, ಕೇಳಿದ್ದು ಮಾತ್ರ ಇವತ್ತೇ. ಅವಳ ಬಾಯಲ್ಲಿ ದಾಕ್ಷಾಯಿಣಿ ಬೆಂಕಿಗೆ ಹಾರುವ ಹೊತ್ತಿಗೆ ಎಷ್ಟೋ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮರುಳಸಿದ್ದಪ್ಪನವರು ಕೈ ಎತ್ತಿದರು. “ಭಾಳ ಚೊಲೋ ಹೇಳಿದೆವ್ವ, ಸಾಕು. ವೀರಭದ್ರ ಹುಟ್ಟೂದು ಗಂಡಸರ ಬಾಯಾಗ ಇರ್ಲಿ.”

“ದಕ್ಷನ ತಲಿ ಇನ್ನೂ ಬಿದ್ದಿಲ್ರಿ ಯಜಮಾನ್ರ. ನಡುವ ಬಿಡಾಕ ಬರಂಗಿಲ್ಲ” ಎಂದು ಚೆನ್ನಬಸಮ್ಮ ತಮ್ಮನ ಕಡೆ ತಿರುಗಿದಳು. “ಲೇ ಹಾಲಸ್ವಾಮಿ, ಕತ್ತಿ ಕೊಡು.”

ಹಾಲಸ್ವಾಮಿ ಎರಡೂ ಕೈಯಲ್ಲಿ ಕತ್ತಿ ಒಪ್ಪಿಸಿದ. ಆಮೇಲೆ ಆರತಿ ತಟ್ಟೆ ಇಸಿದುಕೊಂಡು, ಹೆಂಗಸರ ಸಾಲಿನಲ್ಲಿ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತ.