ಹೆಸರು ಕೇಳುವ ನಿಯಮ

ನಮ್ಮ ಬ್ಲಡ್ ಬ್ಯಾಂಕ್ ಸಿಬ್ಬಂದಿ ಸಂಘಕ್ಕೆ ಐವತ್ತು ವರ್ಷ ತುಂಬಿತೆಂದು ಅದರ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ನಿವೃತ್ತಳಾಗಿದ್ದೇನೆ, ಬೇರೇನು ಕಡಿದು ಕಟ್ಟೆ ಹಾಕುವುದಿದೆ ಎಂದು ಎಲ್ಲರ ಎಣಿಕೆ. ನಾನು ಒಪ್ಪಿದ್ದು ಅಕ್ಕನಿಗಾಗಿ.

ಸಂಘ ಹುಟ್ಟಿದ್ದೇ ಭಾವನ ಸಾವಿನಿಂದ. ನಾನಾಗ ಶಾಲೆಯಲ್ಲಿದ್ದೆ. ಹೊಟ್ಟೆಯ ಹುಣ್ಣು ಒಡೆದು ಭಾವ ದೊಡ್ಡಾಸ್ಪತ್ರೆ ಸೇರಿದ್ದರು. ಆಗೆಲ್ಲ ರಕ್ತ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಬ್ಲಡ್ ಬ್ಯಾಂಕಿನವನೇ ಅದನ್ನು ವಾರ್ಡಿಗೆ ತಂದು, ಚೀಟಿಯ ಮೇಲಿದ್ದ ಹೆಸರು ಓದಿ, "ನೀವೇ ಅಲ್ವಾ?" ಎಂದು ಕೇಳುತ್ತಿದ್ದ. ಅವತ್ತು ಅವನು ಓದಿದ್ದು ಪಕ್ಕದ ಮಂಚದವನ ಹೆಸರು. ಅರೆ ಎಚ್ಚರದಲ್ಲಿದ್ದ ಭಾವ ತಲೆಯಾಡಿಸಿದರು. ಮೊದಲೇ ಸಂಕೋಚದ ಪ್ರಾಣಿ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾವೇ ಕ್ಷಮೆ ಕೇಳುತ್ತಿದ್ದವರು. ಹೊಂದದ ರಕ್ತ ಮೈಗೆ ಹರಿಯಿತು. ಸಂಜೆಯೊಳಗೆ ಎಲ್ಲ ಮುಗಿಯಿತು.

ಆಮೇಲೆ ಸುತ್ತಲಿನ ಆಸ್ಪತ್ರೆಗಳ ಬ್ಲಡ್ ಬ್ಯಾಂಕಿನವರೆಲ್ಲ ಬಾಟಲಿ ತೊಳೆಯುವ ಕೋಣೆಯಲ್ಲಿ ಸೇರಿದರು. ಕುರ್ಚಿ ಸಾಲದೆ ಕೆಲವರು ತೊಟ್ಟಿಯ ಅಂಚಿನ ಮೇಲೆ ಕೂತರಂತೆ. ಅಲ್ಲಿ ಒಂದು ನಿಯಮವಾಯಿತು: ರೋಗಿಗೆ ನೀವು ಹೆಸರು ಹೇಳಬೇಡಿ, ಅವರ ಬಾಯಿಂದಲೇ ಹೇಳಿಸಿ. ಕಾಯಿಲೆ ಬಿದ್ದವರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಆ ಕೂಟವೇ ಮುಂದೆ ಸಂಘವಾಯಿತು. ನಾನೂ ಬೆಳೆದು ಹಟ ಹಿಡಿದು ಅದೇ ಕೆಲಸಕ್ಕೆ ಸೇರಿದೆ.

"ಅವರ ಹೆಸರು ಹಾಕದಿದ್ರೂ ಪರವಾಗಿಲ್ಲ ಕಣೇ," ಎಂದಿದ್ದಳು ಅಕ್ಕ. "ಒಬ್ಬರು ಹೀಗೆ ಸತ್ರು, ಅದಕ್ಕೇ ಇದೆಲ್ಲ ಶುರುವಾಯ್ತು ಅಂತ ಒಂದು ಸಾಲು ಬರಿ. ಸುಮ್ಮನೆ ಸತ್ರು ಅಂತ ಆಗ್ಬಾರ್ದು."

ನಮ್ಮ ಅಧ್ಯಕ್ಷರನ್ನು ಬೆನ್ನ ಹಿಂದೆ ಪೀಠಿಕೆ ಡಾಕ್ಟರು ಅನ್ನುತ್ತೇವೆ. ಕುಡಿಯಲು ನೀರು ಕೇಳುವುದಕ್ಕೂ ಅವರಿಗೆ ಪೀಠಿಕೆ ಬೇಕು. ಸಮಿತಿಯ ಸಭೆಯಲ್ಲಿ ಮಾತ್ರ ನೇರವಾಗಿ ವಿಷಯಕ್ಕೆ ಬಂದರು.

"ಮೇಡಂ, ಆ ಸಾವಿನ ಕಥೆ ತೆಗೆದುಬಿಡಿ. ಇದು ಸಂಭ್ರಮದ ಪುಸ್ತಕ, ಹಳೇ ಗಾಯ ಯಾಕೆ ಕೆರೀಬೇಕು? ಓದಿದ ಜನ ಹೆದರ್ತಾರೆ. ನಿಯಮ ಇರ್ಲಿ ಬಿಡಿ, ಕೊನೇ ಪುಟದಲ್ಲಿ ಹಾಕೋಣ."

"ಕಾರಣ ಗೊತ್ತಿಲ್ದೆ ನಿಯಮ ಎಷ್ಟು ದಿನ ಉಳಿಯುತ್ತೆ ಸಾರ್?" ಎಂದೆ. ದನಿ ಏರಿತು, ಏರಿದ್ದಕ್ಕೆ ನನಗೇನೂ ನಾಚಿಕೆಯಿಲ್ಲ. ಉಳಿದವರು ಮೇಜಿನಲ್ಲಿ ಏನೋ ಕಳೆದುಕೊಂಡವರ ಹಾಗೆ ತಲೆ ತಗ್ಗಿಸಿ ಕೂತಿದ್ದರು.

ಅಚ್ಚಾಗಿ ಬಂದಾಗ ನೋಡಿದರೆ, "ಹಿರಿಯರ ದೂರದೃಷ್ಟಿಯ ಫಲವಾಗಿ ಸಂಘ ಉದಯಿಸಿತು" ಎಂದಿತ್ತು. ನೀಟಾಗಿ ತಿಪ್ಪೆ ಸಾರಿಸಿದ್ದರು. ಕೆಳಗೆ ಸಂಪಾದಕಿ ಎಂದು ನನ್ನ ಹೆಸರು ದಪ್ಪಕ್ಷರದಲ್ಲಿ. ಮೈಯೆಲ್ಲ ಉರಿದುಹೋಯಿತು.

ಪುಸ್ತಕವನ್ನು ಕೈಚೀಲಕ್ಕೆ ತುರುಕಿ ಸೀದಾ ಆಸ್ಪತ್ರೆಗೆ ಹೋದೆ. ಅಕ್ಕ ವಾರದಿಂದ ಅಲ್ಲಿದ್ದಳು. ಕಿಡ್ನಿ ಕೈಕೊಟ್ಟು ಮೈಯಲ್ಲಿ ರಕ್ತವೇ ಇಲ್ಲದಂತಾಗಿ ಹಾಸಿಗೆಗೆ ಅಂಟಿಕೊಂಡಿದ್ದಳು. ನಾನು ಹೋಗಿ ಕೂರುವಷ್ಟರಲ್ಲಿ ನರ್ಸ್ ರಕ್ತದ ಚೀಲ ಹಿಡಿದು ದಡದಡನೆ ಬಂದಳು, ಚೀಟಿಯ ಮೇಲಿದ್ದ ಹೆಸರು ಓದಿದಳು.

"ನೀವೇ ಅಲ್ವಾ ಅಜ್ಜಿ?"

ಅದು ಕಿಟಕಿ ಪಕ್ಕದ ಮಂಚದವಳ ಹೆಸರು. ಅಕ್ಕ ಕಣ್ಣು ಅರ್ಧ ತೆರೆದು ತಲೆಯಾಡಿಸಿದಳು.

ನರ್ಸಿನ ಕೈ ಹಿಡಿದುಬಿಟ್ಟೆ. "ಇವರಲ್ಲ! ಹೆಸರು ನೀವು ಹೇಳ್ಬಾರ್ದು, ಅವರ ಕೈಲೇ ಹೇಳಿಸ್ಬೇಕು. ನಿಮಗೆ ಕಲಿಸಿಲ್ವಾ?"

ಅವಳ ಮುಖ ಬಿಳಿಚಿಕೊಂಡಿತು. "ಕಲಿಸಿದ್ರು ಮೇಡಂ. ಯಾಕೆ ಅಂತ ಯಾರೂ ಹೇಳಿರ್ಲಿಲ್ಲ."

ಅವಳು ಕಿಟಕಿಯತ್ತ ಹೋದಳು. ಏನು ನಡೆಯಿತೆಂದು ಅಕ್ಕನಿಗೆ ತಿಳಿದಂತಿರಲಿಲ್ಲ. ಅವಳ ಕಣ್ಣು ನನ್ನ ಕೈಚೀಲದ ಮೇಲಿತ್ತು.

"ಪುಸ್ತಕ ಬಂತೇನೇ?"

"ಬಂತಕ್ಕಾ."

"ಅವರ ವಿಷಯ ಹಾಕಿದಾರಾ?"

ನಾನು ಹೂಂ ಎಂದು ತಲೆಯಾಡಿಸಿದೆ.