ಕುರ್ಚಿಯ ತಪ್ಪಲ್ಲ

ಆ ಟೈಲರ್ ಮನೆಯಲ್ಲಿ ಒಂದು ಮಾತು ರೂಢಿಯಲ್ಲಿತ್ತು: ಕುರ್ಚಿ ಕಾಯಿಲೆ. ಮಲದ ಜೊತೆ ರಕ್ತ ಬಿದ್ದರೆ ಕುರ್ಚಿ ಕಾಯಿಲೆ. ಹೊಟ್ಟೆ ನುಲಿದರೂ ಕುರ್ಚಿ ಕಾಯಿಲೆ. ದಿನವಿಡೀ ಮೆಷಿನ್ ಮುಂದೆ ಕೂರುವವರಿಗೆ ಇದೆಲ್ಲ ಇದ್ದದ್ದೇ ಎಂದು ಅಜ್ಜ ಹೇಳಿದ್ದ, ಅಪ್ಪನೂ ಹೇಳಿದ್ದ. ಇಬ್ಬರೂ ಐವತ್ತು ದಾಟಲಿಲ್ಲ. ಆದರೂ ಕುರ್ಚಿ ಬಿಟ್ಟು ಬೇರೇನನ್ನೂ ಯಾರೂ ಅನುಮಾನಿಸಲಿಲ್ಲ, ಏನು ಹೇಳೋಣ.

ಆ ಮನೆಯ ಕಿರಿಯ ಮಗನೇ ಟೇಪು ಮಾಸ್ಟರ್. ಊಟಕ್ಕೆ ಕೂತರೂ ಕೊರಳಿನ ಟೇಪು ತೆಗೆಯದವನು, ಅದಕ್ಕೇ ಆ ಹೆಸರು. ಹೋದ ವರ್ಷ ಅವನ ಅಣ್ಣ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು ನಲವತ್ತಾರು. ಆಸ್ಪತ್ರೆ ಸೇರಿದ ಮೂರೇ ತಿಂಗಳಿಗೆ ಎಲ್ಲ ಮುಗಿದಿತ್ತು. ಈಗ ತಂಗಿಗೂ ಅದೇ ಕಾಯಿಲೆ. ಅವಳು ಬಸ್ ಕಂಡಕ್ಟರ್, ಬೆಳಗಿನಿಂದ ಸಂಜೆವರೆಗೆ ನಿಂತೇ ಇರುವವಳು.

ತಂಗಿಯೇ ಹೇಳಿ ಕಳಿಸಿದ್ದರಿಂದ ಆಸ್ಪತ್ರೆಯ ನರ್ಸಮ್ಮ ಒಂದು ಭಾನುವಾರ ಮನೆಗೆ ಬಂದರು. ಮಾಸ್ಟರ್ ಕಾಜಾ ಹಾಕುತ್ತಿದ್ದ. ಅತ್ತಿಗೆ ಅಂಗಿಗಳಿಗೆ ಇಸ್ತ್ರಿ ಮಾಡುತ್ತಿದ್ದಳು. ಅವಳ ಇಪ್ಪತ್ತೆರಡರ ಮಗಳು ಮಡಚಿಡುತ್ತಿದ್ದಳು.

"ನಿಮ್ಮ ತಂಗಿಯ ರಕ್ತದಲ್ಲಿ ಒಂದು ಜೀನ್ ತಪ್ಪಾಗಿರೋದು ಗೊತ್ತಾಗಿದೆ," ಎಂದರು ನರ್ಸಮ್ಮ. "ಅಮ್ಮಾ, ಪರೀಕ್ಷೆಗೆ ಒಪ್ಪಿ ನೀವು ಸಹಿ ಹಾಕಿದ್ರಲ್ಲ, ನಿಮ್ಮ ಯಜಮಾನರ ಆಪರೇಷನ್‌ನಲ್ಲಿ ತೆಗೆದಿಟ್ಟಿದ್ದ ಕರುಳಿನ ಚೂರನ್ನೂ ನೋಡಿದ್ರು. ಅದರಲ್ಲೂ ಅದೇ ತಪ್ಪು."

"ಜೀನ್ ಅಂದ್ರೆ?" ಎಂದ ಮಾಸ್ಟರ್.

"ಪೇಪರ್ ಇಟ್ಟು ಬಟ್ಟೆ ಕತ್ತರಿಸ್ತೀರಲ್ಲ ಮಾಸ್ಟ್ರೇ. ಪೇಪರಿನಲ್ಲೇ ತೋಳಿನ ಅಳತೆ ತಪ್ಪಿದ್ರೆ?"

"ಅಷ್ಟೂ ಅಂಗಿ ಹಾಳು."

"ನಮ್ಮ ಮೈಗೂ ಅಂಥದ್ದೊಂದು ಅಳತೆ ಅಪ್ಪ ಅಮ್ಮನಿಂದ ಬರುತ್ತೆ. ಈ ತಪ್ಪು ಇರೋರಿಗೆ ಕ್ಯಾನ್ಸರ್ ಬರೋ ಅಪಾಯ ಜಾಸ್ತಿ. ಬಂದೇ ಬರುತ್ತೆ ಅಂತಲ್ಲ. ಮಕ್ಕಳಿಗೆ ಹೋಗಬಹುದು, ಹೋಗದೇನೂ ಇರಬಹುದು, ಅರ್ಧಕ್ಕರ್ಧ. ನೀವೂ ಈ ಮಗೂನೂ ರಕ್ತಪರೀಕ್ಷೆ ಮಾಡಿಸ್ಕೊಳ್ಳಿ."

ಅತ್ತಿಗೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಬೇಡ ಸಿಸ್ಟರ್. ಗುಂಡುಕಲ್ಲಿನ ಹಾಗಿದ್ದೋರು ಮೂರೇ ತಿಂಗಳಲ್ಲಿ ಹೋದ್ರು. ಹಾಗೆ ಹೇಳದೆ ಕೇಳದೆ ಬರೋ ಕಾಯಿಲೆಗೆ ಪರೀಕ್ಷೆ ಮಾಡಿ ಏನುಪಯೋಗ? ಇವಳು ದಿನಾ ಹೆದರಿಕೊಂಡು ಬದುಕಬೇಕಾ?"

"ಸಾಮಾನ್ಯವಾಗಿ ಹಾಗೆ ಬರಲ್ಲಮ್ಮ. ಮೊದಲು ಕರುಳಲ್ಲಿ ಸಣ್ಣ ಗಂಟು ಏಳುತ್ತೆ. ಕ್ಯಾಮೆರಾ ಕೊಳವೆ ಹಾಕಿ ನೋಡಿದ್ರೆ ಆಗಲೇ ತೆಗೆದುಬಿಡಬಹುದು. ಅವರಿಗೆ ಮೊದಲೇ ರಕ್ತ ಬೀಳ್ತಿರಲಿಲ್ವಾ?"

"ಇಲ್ಲವೇ ಇಲ್ಲ. ಬಿದ್ದಿದ್ರೆ ನನಗೆ ಹೇಳ್ತಿರಲಿಲ್ವಾ?"

ಮಾಸ್ಟರ್ ಸೂಜಿ ಕೆಳಗಿಟ್ಟ. ಅಣ್ಣ ಅವನೊಬ್ಬನಿಗೆ ಹೇಳಿದ್ದ, ಅಂಗಡಿಯ ಹಿಂದೆ ನಿಂತು, ನಾಚಿಕೊಂಡು: "ಮನೇಲಿ ಹೇಳ್ಬೇಡ ಕಣೋ." ಮಾಸ್ಟರ್ ನಕ್ಕು, ಮೆತ್ತನೆಯದೊಂದು ದಿಂಬು ಹೊಲಿದು ಅಣ್ಣನ ಕುರ್ಚಿಗೆ ಹಾಕಿಕೊಟ್ಟಿದ್ದ. ತಮ್ಮನಾಗಿ ಅವನು ಮಾಡಿದ ಉಪಕಾರ ಅಷ್ಟೇ. ಒಂದು ವರ್ಷದಿಂದ ಅದು ಅವನ ಎದೆಯನ್ನು ಕೊರೆಯುತ್ತಿತ್ತು. ಈಗಲೂ ಸುಮ್ಮನಿದ್ದರೆ ಅತ್ತಿಗೆಯ ಮುಂದೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಎದುರಿಗೆ ಅಣ್ಣನ ಮಗಳು ಕೂತಿದ್ದಳು.

"ಬೀಳ್ತಿತ್ತು ಅತ್ತಿಗೆ," ಎಂದ. "ಮೂರು ತಿಂಗಳಲ್ಲ, ನಾಲ್ಕು ವರ್ಷ. ನನಗೆ ಗೊತ್ತಿತ್ತು. ಕುರ್ಚಿ ಕಾಯಿಲೆ ಅಂದ್ಕೊಂಡು ಬಾಯಿ ಮುಚ್ಕೊಂಡಿದ್ದೆ."

ಅತ್ತಿಗೆ ಅವನನ್ನು ಬೈಯಲಿಲ್ಲ. ನರ್ಸಮ್ಮನ ಕಡೆ ತಿರುಗಿದಳು. "ಆಗಲೇ ತೋರಿಸಿದ್ರೆ ಉಳೀತಿದ್ರಾ?"

"ಖಂಡಿತ ಅಂತ ಹೇಳಕ್ಕಾಗಲ್ಲಮ್ಮ. ಉಳಿಯೋ ಅವಕಾಶ ಇತ್ತು."

ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮಗಳಿಗೆ, "ನಾಳೆನೇ ಹೋಗೋಣ," ಎಂದಳು.

ರಕ್ತಪರೀಕ್ಷೆಯಾಯಿತು. ಮಾಸ್ಟರ್‌ಗೆ ಜೀನಿನ ಆ ತಪ್ಪು ಬಂದಿರಲಿಲ್ಲ. ಹುಡುಗಿಗೆ ಬಂದಿತ್ತು. ಕ್ಯಾಮೆರಾ ಕೊಳವೆ ಹಾಕಿ ನೋಡಿ, ಅವಳ ಕರುಳಿನಲ್ಲಿದ್ದ ಎರಡು ಸಣ್ಣ ಗಂಟುಗಳನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆದರು. ವೈದ್ಯರು ಹೇಳಿದಾಗಲೆಲ್ಲ ಅವಳು ತಪ್ಪದೆ ಹೋಗಿ ತೋರಿಸಿಕೊಂಡು ಬರುತ್ತಾಳೆ, ಚೆನ್ನಾಗಿದ್ದಾಳೆ. ಅತ್ತಿಗೆ ಮೈದುನನ ಜೊತೆ ಮಾತಾಡುತ್ತಾಳೆ, ಆದರೆ ಮೊದಲಿನ ಹಾಗಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ರಕ್ತ ಬಿದ್ದದ್ದೆಲ್ಲ ಕ್ಯಾನ್ಸರ್ ಅಲ್ಲ. ಕರುಳಿನ ಕ್ಯಾನ್ಸರೆಲ್ಲ ಮನೆತನದಿಂದ ಬರುವುದೂ ಅಲ್ಲ. ಯಾವುದು ಏನು ಎಂದು ವೈದ್ಯರು ಹೇಳಲಿ, ನಾವೇ ಹೆಸರಿಟ್ಟು ಕೂರುವುದು ಬೇಡ. ನಿಮ್ಮ ಮನೆಯಲ್ಲಿ ಐವತ್ತರೊಳಗೆ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ, ಇಲ್ಲವೇ ಒಬ್ಬರಿಗಿಂತ ಹೆಚ್ಚು ಜನಕ್ಕೆ ಬಂದಿದ್ದರೆ, ಜೀನ್ ಪರೀಕ್ಷೆ ಬೇಕೇ ಎಂದು ಕೇಳಿ. ಮನೆಯವರ ಬಗ್ಗೆ ನಿಮಗೆ ಗೊತ್ತಿರುವುದನ್ನು ಮುಚ್ಚಿಡಬೇಡಿ. ಬೈಸಿಕೊಂಡರೂ ಪರವಾಗಿಲ್ಲ, ಬೈಯಲು ಅವರು ಇರುವಾಗಲೇ ಹೇಳಿ.